ಅಸಲು

ನಮ್ಮ ದೇವಾಲಯಕ್ಕೆ ಗಂಟೆಯಿಲ್ಲ.
ಮಾವಿನ ಕೊಂಬೆಗೆ ಹಳೆಯ ಲಾರಿಯ ಗಾಲಿಬಳೆ ತೂಗುಬಿಟ್ಟಿದೆ;
ಭಾನುವಾರ ನಸುಕಿಗೆ ನಾನೇ ಬೋಲ್ಟಿನಿಂದ ಬಾರಿಸುತ್ತೇನೆ.
ಸದ್ದು ಮಲಾವಿ ಸರೋವರ ದಾಟಿ
ಮೊಸಾಂಬಿಕ್ಕಿನ ಬೆಟ್ಟಕ್ಕೆ ತಾಗಿ ಮರಳುತ್ತದೆ ಅನ್ನುತ್ತಾರೆ.
ನಾನಂತೂ ಕೇಳಿಲ್ಲ.

ನನ್ನನ್ನು ನ್ಯಾಲೋಂಗ್ವೆ ಅನ್ನುತ್ತಾರೆ, ಲೋಂಗ್ವೆಯವರ ಮನೆಮಗಳು.
ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗನಿಗೆ
ಲಿಂಡಿಜ್ಗಾ ಎಂದು ಹೆಸರಿಟ್ಟೆ. ಕಾದಿರು ಎಂದರ್ಥ.
ಹೆಸರು ಅವನದೆಂದುಕೊಂಡಿದ್ದೆ. ನನ್ನದಾಯಿತು.

ಅಮಾವಾಸ್ಯೆಯ ರಾತ್ರಿ. ಉಸಿಪಾ ಮೀನಿಗೆ
ದೀಪ ಹಚ್ಚಿಕೊಂಡು ಹೊರಟ ದೋಣಿಗಳು,
ಕಪ್ಪು ನೀರಲ್ಲಿ ಊರೊಂದು ಎದ್ದ ಹಾಗೆ.
ನಡುರಾತ್ರಿ ಮ್ವೇರಾ ಗಾಳಿ ತಿರುಗಿತು.
ಬೆಳಗ್ಗೆ ಹುಟ್ಟು ಸಿಕ್ಕಿತು. ದೀಪದ ತಗಡು ಸಿಕ್ಕಿತು.
ಅವನಲ್ಲ.

ನೀರಲ್ಲಿ ಹಾಯುವಾಗ ಜೊತೆಗಿರುತ್ತೇನೆ ಅಂದಿದ್ದೆಯಲ್ಲ?
ಇದ್ದೆಯಾ?
ಇದ್ದರೆ ಕೈ ಎಲ್ಲಿತ್ತು?

ಪಾಸ್ಟರ್ ಮ್ಸಿಸ್ಕಾ ಇನ್ನೂ ಹುಡುಗ, ಒಳ್ಳೆಯವನು.
ಚಾಪೆಯ ಮೇಲೆ ಕೂತು ಯೋಬನ ಕಥೆ ತೆಗೆದ.
ಯೋಬನಿಗೆ ಮಕ್ಕಳು ಮತ್ತೆ ಹುಟ್ಟಿದರು ಅಂದ.
ಹುಟ್ಟಿದ್ದು ಬೇರೆ ಮಕ್ಕಳು ಅಂದೆ.
ಅವನು ಪುಸ್ತಕ ಮುಚ್ಚಿಟ್ಟು
ಕತ್ತಲಾಗುವವರೆಗೆ ನನ್ನ ಜೊತೆ ಮರಗೆಣಸು ಸುಲಿದ.
ಅವತ್ತಿನಿಂದ ಅವನ ಉಪದೇಶಕ್ಕೆ ಕಿವಿಗೊಡುತ್ತೇನೆ.

ಕಹಿ ಮರಗೆಣಸು ಮೂರು ದಿನ ನೀರಲ್ಲಿ ನೆನೆದರೆ ವಿಷ ಬಿಡುತ್ತದೆ.
ಈ ಪ್ರಶ್ನೆಯನ್ನು ಹನ್ನೊಂದು ವರ್ಷ ನೆನೆಹಾಕಿದ್ದೇನೆ.
ಮೆತ್ತಗಾಗಿದೆ. ಕಹಿ ಹೋಗಿಲ್ಲ.

ಸಾಕುಮಾಡು ಅನ್ನುತ್ತಾಳೆ ತಂಗಿ,
ಓಗೊಡದವನ ಹೊಸ್ತಿಲು ಎಷ್ಟು ಸವೆಸುತ್ತೀ?
ಅವಳಿಗೆ ಹೇಗೆ ಹೇಳಲಿ,
ಮಾತು ಕೊಟ್ಟವನು ಸಾಲಗಾರ, ನಾನು ಸಾಲ ಕೊಟ್ಟವಳು.
ಸಾಲಗಾರ ನೂರ್ಕಾಲ ಬಾಳಲಿ ಎಂದು
ಸಾಲ ಕೊಟ್ಟವಳಷ್ಟು ಹರಸುವವರು ಯಾರು?
ಅವನೇ ಇಲ್ಲವೆಂದಾದರೆ ಮುಳುಗುವುದು ನನ್ನ ಗಂಟು.
ಅದಕ್ಕೇ ವಾರಕ್ಕೊಮ್ಮೆ ಅವನ ಬಾಗಿಲಲ್ಲಿ ಕಬ್ಬಿಣ ಬಡಿಯುತ್ತೇನೆ.
ಇದನ್ನು ನಂಬಿಕೆ ಅನ್ನುವುದಾದರೆ ಅನ್ನಿ.
ಕೆಲವು ಭಾನುವಾರ ಬರಿಯ ಹಟ.

ಹೋದ ತಿಂಗಳು ಸರೋವರದ ನಡುವಿಂದ ಹೊಗೆಯ ಕಂಬ ಎದ್ದಿತು.
ಮೊಮ್ಮಗಳು ಮಸೋಜಿ, ಅಪ್ಪನ ಮುಖ ಕಾಣದವಳು,
ಹೆಸರಿಗೆ ಕಣ್ಣೀರು, ನಗು ಊರಿಗೆ ಹಂಚುವಷ್ಟು,
ಓಡಿಬಂದಳು: ಅಜ್ಜೀ, ಮರಳುಗಾಡಲ್ಲಿ ದಾರಿ ತೋರಿದ ಮೇಘಸ್ತಂಭ!
ಅಲ್ಲ ಮಗಾ, ನ್ಕುಂಗು ನೊಣ. ಬುಟ್ಟಿ ತಾ.
ಒದ್ದೆ ಬುಟ್ಟಿ ಬೀಸಿ ಹಿಡಿದೆವು. ತಟ್ಟಿ, ಸುಟ್ಟು, ತಿಂದೆವು.
ಅದು ದಾರಿ ತೋರಲಿಲ್ಲ. ಹೊಟ್ಟೆ ತುಂಬಿತು.
ತಿನ್ನುತ್ತಲೇ ಕೇಳಿದಳು:
ಅಪ್ಪನ ಜೊತೆ ದೇವರೂ ಮುಳುಗಿದನಾ?
ನನ್ನ ಬಾಯಲ್ಲಿ ತುತ್ತಿತ್ತು. ಒಳ್ಳೆಯದೇ ಆಯಿತು.

ರಾತ್ರಿಯಿಡೀ ಅದನ್ನೇ ಅಗಿದೆ.
ಶುಕ್ರವಾರ ಮುಳುಗಿ ಭಾನುವಾರ ಎದ್ದವನಿಗೆ
ತಳ ಗೊತ್ತಿರಬೇಕು.
ಇಷ್ಟೇ ಹೊಳೆದದ್ದು. ಉತ್ತರವಲ್ಲ ಇದು,
ಮಗುವಿಗೆ ಇನ್ನೂ ಹೇಳಿಲ್ಲ.

ಸಮುದ್ರ ತನ್ನೊಳಗಿನ ಸತ್ತವರನ್ನು ಒಪ್ಪಿಸುವ ದಿನವೊಂದಿದೆಯಂತೆ.
ಅಲ್ಲಿ ಸರೋವರದ ಮಾತು ಬರೆದಿಲ್ಲ.
ಸಿಹಿನೀರಿಗೂ ಸಲ್ಲುತ್ತದೆಂದು
ನಾನೇ ಆ ಸಾಲಿನ ಮೇಲೆ ಬೆರಳಿಟ್ಟು ಸೇರಿಸಿಕೊಂಡಿದ್ದೇನೆ.

ಈಗ ನಸುಕು. ಬೋಲ್ಟು ಅಂಗೈಗೆ ತಣ್ಣಗಿದೆ.
ಶನಿವಾರ ರಾತ್ರಿ ಬಲೆ ಇಳಿಸಬಾರದೆಂದರೆ ಹಸಿವು ಕೇಳುವುದಿಲ್ಲ;
ಹೋಗುವಾಗ ಹದಿನಾಲ್ಕು ದೀಪ ಎಣಿಸಿದ್ದೆ.
ಒಂದೊಂದೇ ದಡಕ್ಕೆ ಬರುತ್ತಿವೆ. ಹನ್ನೆರಡು. ಹದಿಮೂರು.
ತುಸು ಹೊತ್ತು ಬರಿಯ ನೀರು.
ಆಮೇಲೆ ಬಂಡೆಯ ಮರೆಯಿಂದ, ಕೆಮ್ಮುತ್ತಾ, ಹದಿನಾಲ್ಕು.

ಬಡ್ಡಿ ಸಂದಿತು.
ಅಸಲು ಅವನಲ್ಲೇ ಇದೆ.
ಬಾರಿಸುತ್ತೇನೆ.